ಮಿಲಿಮೀಟರಕ್ಕ ಊರಲ್ಲಿಲ್ಲದ ಜುಲೈ

ಆ ಬೀದಿಯಲ್ಲಿ ಆಕೆಯ ನಿಜವಾದ ಹೆಸರು ಅಂಚೆಯವನಿಗೆ ಬಿಟ್ಟರೆ ಇನ್ಯಾರಿಗೂ ನೆನಪಿರಲಿಲ್ಲ. ಎಲ್ಲರಿಗೂ ಆಕೆ ಮಿಲಿಮೀಟರಕ್ಕ. "ಏನಕ್ಕಾ, ರಾತ್ರಿ ಜೋರು ಮಳೆ ಅಲ್ವಾ?" ಎಂದು ಯಾರಾದರೂ ಸುಮ್ಮನೆ ಮಾತಿಗೆ ಕೇಳಿದರೆ, "ಹೂಂ" ಎಂದು ಮುಂದೆ ಹೋಗುವ ಜಾಯಮಾನ ಆಕೆಯದಲ್ಲ. ಕೈಯಲ್ಲಿದ್ದ ಚೀಲವನ್ನು ಕೆಳಗಿಟ್ಟು, "ಹದಿನೆಂಟು ಪಾಯಿಂಟ್ ನಾಲ್ಕು. ಜೋರೇನಲ್ಲ, ತಗಡಿನ ಮೇಲೆ ಬಿದ್ದಿದ್ದಕ್ಕೆ ಸದ್ದು ಜಾಸ್ತಿ ಇತ್ತು ಅಷ್ಟೆ" ಎನ್ನುತ್ತಿದ್ದಳು. ಕೇಳಿದವರು ತಲೆಯಾಡಿಸಿ ಹೋಗುತ್ತಿದ್ದರು.

ಮನೆಯ ಪಕ್ಕದಲ್ಲೇ ನೀರು ಸರಬರಾಜು ಕಚೇರಿ. ಅದರ ಹಿತ್ತಲಲ್ಲಿ, ತಂತಿಬೇಲಿಯ ಒಳಗೆ, ಮೊಣಕಾಲೆತ್ತರದ ಮಳೆಮಾಪಕ ನಿಂತಿತ್ತು. ಮೇಲೊಂದು ಆಲಿಕೆ, ಒಳಗೊಂದು ಸೀಸೆ, ಅಷ್ಟೆ. ಗೊತ್ತಿಲ್ಲದವರಿಗೆ ಯಾರೋ ಮರೆತು ಬಿಟ್ಟುಹೋದ ಡಬ್ಬದಂತೆ ಕಾಣುತ್ತಿತ್ತು. ದಿನಾ ಬೆಳಿಗ್ಗೆ ಸರಿಯಾಗಿ ಎಂಟೂವರೆಗೆ ಆ ಸೀಸೆಯ ನೀರನ್ನು ಗೆರೆ ಹಾಕಿದ ಅಳತೆಗಾಜಿಗೆ ಸುರಿದು, ಎಷ್ಟು ಮಿಲಿಮೀಟರ್ ಎಂದು ನೋಡಿ, ಪುಸ್ತಕದಲ್ಲಿ ಬರೆದು, ಜಿಲ್ಲೆಯ ಹವಾಮಾನ ಕಚೇರಿಗೆ ಫೋನಿನಲ್ಲಿ ಹೇಳುವುದು ಆಕೆಯ ಕೆಲಸ. ತಿಂಗಳು ಮುಗಿದ ಮೇಲೆ ಎಲ್ಲವನ್ನೂ ಕೂಡಿ ತಿಂಗಳ ವರದಿ ಕಳಿಸಬೇಕು. ಇಪ್ಪತ್ತೆರಡು ವರ್ಷದಿಂದ ಆ ಪುಸ್ತಕದಲ್ಲಿ ಒಂದು ಸಾಲೂ ಖಾಲಿ ಇರಲಿಲ್ಲ.

ಮಳೆ ಬಾರದ ತಿಂಗಳಲ್ಲೂ ಹೋಗಿ ನೋಡಲೇಬೇಕಿತ್ತು. ಫೆಬ್ರವರಿಯ ಬಿಸಿಲಲ್ಲಿ, ನೆಲ ಬಿರಿದು ಕಾಲಿಗೆ ಚುಚ್ಚುವಾಗಲೂ ಆಕೆ ಛತ್ರಿ ಹಿಡಿದು ಬೇಲಿಯ ಗೇಟು ತೆರೆಯುತ್ತಿದ್ದಳು. "ಸೊನ್ನೆ ಬರೆಯೋಕೂ ಅಲ್ಲಿವರೆಗೂ ಹೋಗ್ಬೇಕೇನೇ? ಇಲ್ಲೇ ಕೂತು ಬರಿ, ನಾನು ಸಾಕ್ಷಿ ಹೇಳ್ತೀನಿ" ಎಂದು ಗಂಡ ಕಿಚಾಯಿಸುತ್ತಿದ್ದ. "ಹೋಗಿ ನೋಡಿದ ಸೊನ್ನೆ ಬೇರೆ, ಕೂತು ಬರೆದ ಸೊನ್ನೆ ಬೇರೆ ರೀ" ಎಂದು ಆಕೆ ಬಾಗಿಲು ದಾಟುತ್ತಿದ್ದಳು.

ತಿಂಗಳುಗಳು ಆಕೆಗೆ ನೆಂಟರಿದ್ದಂತೆ. ಏಪ್ರಿಲ್ ಸಂಜೆ ಹೊತ್ತು ಗುಡುಗಿ ಮಿಂಚಿ, ಎರಡು ಕೊಂಬೆ ಮುರಿದು, ಐದು ಮಿಲಿಮೀಟರ್ ಕೊಟ್ಟು ಓಡಿಹೋಗುವ ಆಸಾಮಿ. ಜೂನ್ ಬರುತ್ತೇನೆಂದು ಹೇಳಿ ಹತ್ತು ದಿನ ಕಾಯಿಸುತ್ತದೆ. ಅಕ್ಟೋಬರ್ ಹಿಂಬಾಗಿಲಿನಿಂದ, ಬೇರೆಯದೇ ದಿಕ್ಕಿನಿಂದ ಬಂದು, ಒಗೆದ ಬಟ್ಟೆಯನ್ನೆಲ್ಲ ನೆನೆಸಿ ಹೋಗುತ್ತದೆ. ಜುಲೈ ಮಾತ್ರ ಪೆಟ್ಟಿಗೆ ಹಾಸಿಗೆ ಸಮೇತ ಬಂದು ಕೂತರೆ ಏಳುವ ಮಾತೇ ಇಲ್ಲ. ವರ್ಷದ ಮಳೆಯಲ್ಲಿ ಮೂರನೇ ಒಂದು ಪಾಲು ಅದರದೇ. ಹಾಗಾಗಿ ಜುಲೈನಲ್ಲಿ ಆಕೆ ಪಕ್ಕದೂರಿಗೂ ಹೋಗುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಯಾವ ತಿಂಗಳಲ್ಲೂ ಎಲ್ಲೂ ಹೋಗಿ ರಾತ್ರಿ ಉಳಿದವಳೇ ಅಲ್ಲ. ಬೆಳಿಗ್ಗೆ ಹೋದರೆ ಸಂಜೆಗೆ ವಾಪಸು.

ಗಂಡ ದರ್ಜಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಕೊರಳಲ್ಲಿ ಅಳತೆಪಟ್ಟಿ ಸದಾ ನೇತಾಡುತ್ತಿದ್ದರೂ ಅದು ಬರೀ ಅಲಂಕಾರಕ್ಕೆ. ಗಿರಾಕಿ ಹೊಸ್ತಿಲು ದಾಟುವಷ್ಟರಲ್ಲಿ ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿ, "ಎದೆ ಮೂವತ್ತೆಂಟು, ಎಡಭುಜ ಸ್ವಲ್ಪ ಇಳಿದಿದೆ" ಎಂದು ಚೀಟಿಯಲ್ಲಿ ಗೀಚಿಬಿಡುತ್ತಿದ್ದ. ಹತ್ತಕ್ಕೆ ಒಂಬತ್ತು ಸಲ ಸರಿ ಇರುತ್ತಿತ್ತು. ಹತ್ತನೆಯವನಿಗೆ, "ಅಂಗಿ ಸರಿ ಇದೆ ಸ್ವಾಮಿ, ನೀವೇ ಊದಿದ್ದೀರಿ" ಎನ್ನುತ್ತಿದ್ದ. ಊರವರು ಅವನಿಗೆ ಅಂದಾಜು ಮಾಸ್ಟರ್ ಎಂದು ಹೆಸರಿಟ್ಟಿದ್ದರು. ಅವನಿಗೆ ಅದರಲ್ಲಿ ಹೆಮ್ಮೆ ಬೇರೆ. ಇಂಥವನ ಜೊತೆ ಮಿಲಿಮೀಟರಕ್ಕನ ಸಂಸಾರ ಹೇಗೆ ನಡೆಯುತ್ತದೋ ಎಂದು ಬೀದಿಯ ಹೆಂಗಸರು ಬಾಯಿಗೆ ಸೆರಗಿಟ್ಟು ನಗುತ್ತಿದ್ದರು.

ಆ ವರ್ಷ ಜುಲೈ ಒಂಬತ್ತಕ್ಕೆ ಭಾವನ ಫೋನು ಬಂತು. ದೊಡ್ಡ ಊರಿನಲ್ಲಿದ್ದ ಅಕ್ಕ, ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಳು. ಹದಿನಾರಕ್ಕೆ ಶಸ್ತ್ರಚಿಕಿತ್ಸೆ. ಭಾವನಿಗೆ ಕಣ್ಣು ಮಂದ. ಹೆಂಗಸರ ವಾರ್ಡಿನಲ್ಲಿ ಗಂಡಸರನ್ನು ರಾತ್ರಿ ಬಿಡುವುದೂ ಇಲ್ಲ.

ಅಕ್ಕ ತಾನೇ ಫೋನು ಇಸಿದುಕೊಂಡು, "ಪುಟ್ಟೀ, ನೀನು ಬರಬೇಡ. ನಿನ್ನ ಡಬ್ಬ ಬಿಟ್ಟು ಬರೋಕಾಗಲ್ಲ ಅಂತ ನಂಗೊತ್ತು. ಇಲ್ಲಿ ಆಯಾ ಇದ್ದಾಳೆ" ಎಂದಳು.

ತಾಯಿಯಿಲ್ಲದ ಮನೆಯಲ್ಲಿ ಜಡೆ ಹೆಣೆದು ಶಾಲೆಗೆ ಕಳಿಸಿದ ಅಕ್ಕ. ಆ ಮಾತು ಕೇಳಿ ಮಿಲಿಮೀಟರಕ್ಕನಿಗೆ ಕೆನ್ನೆಗೆ ಹೊಡೆದಂತಾಯಿತು. "ಬರ್ತೀನಿ ಕಣಕ್ಕಾ" ಎಂದವಳೇ ಫೋನಿಟ್ಟಳು.

ಬರುತ್ತೇನೆಂದೇನೋ ಹೇಳಿದಳು, ಆದರೆ ಮಳೆ ನೋಡುವವರಾರು? ಹವಾಮಾನ ಕಚೇರಿಗೆ ಕೇಳಿದರೆ, "ಬದಲಿಗೆ ಕಳಿಸೋಕೆ ಯಾರೂ ಇಲ್ಲಮ್ಮ, ಮನೇಲಿ ಯಾರಿಗಾದರೂ ಹೇಳಿಕೊಟ್ಟು ಹೋಗಿ" ಎಂದರು. ಮನೆಯಲ್ಲಿ ಇದ್ದದ್ದು ಒಬ್ಬನೇ.

"ಅಯ್ಯೋ, ಅದೇನು ಮಹಾ! ದೂರದಿಂದ್ಲೇ ನೋಡಿ ಹೇಳ್ತೀನಿ ಎಷ್ಟು ನೀರಿದೆ ಅಂತ" ಎಂದ ಮಾಸ್ಟರ್.

ಆಕೆ ತಲೆಯ ಮೇಲೆ ಕೈಹೊತ್ತು ಕೂತಳು.

ಮೂರು ಸಂಜೆ ಪಾಠ ನಡೆಯಿತು. ಆಲಿಕೆಗೆ ಚೊಂಬಿನಿಂದ ನೀರು ಸುರಿದು ಆಕೆ ಪರೀಕ್ಷೆ ಇಟ್ಟಳು. ಅಳತೆಗಾಜನ್ನು ಸಮತಟ್ಟಾದ ಕಲ್ಲಿನ ಮೇಲಿಡಬೇಕು, ಕೈಯಲ್ಲಿ ಹಿಡಿದು ನೋಡಬಾರದು. ಬಗ್ಗಿ, ಕಣ್ಣನ್ನು ಗೆರೆಯ ಮಟ್ಟಕ್ಕೇ ತರಬೇಕು. ಗಾಜಿಗೆ ಹಿಡಿಯುವುದು ಇಪ್ಪತ್ತು ಮಿಲಿಮೀಟರ್ ಮಾತ್ರ, ಹೆಚ್ಚಿದ್ದರೆ ಇಪ್ಪತ್ತು ಇಪ್ಪತ್ತಾಗಿ ಅಳೆದು ಕೂಡಬೇಕು. ಸೀಸೆಗೆ ಹಿಡಿಯುವುದು ಇನ್ನೂರು. ಭಾರಿ ಮಳೆಯಾದರೆ ತುಂಬಿ ಚೆಲ್ಲುವ ಮುಂಚೆಯೇ ಹೋಗಿ ಅಳೆದು ಬರೆದಿಡಬೇಕು.

"ಅಂದಾಜು ಹೇಳಿದ್ರೆ ನೋಡಿ ಮತ್ತೆ" ಎಂದಳು ಹದಿನಾಲ್ಕರಂದು ಬಸ್ಸಿನ ಕಿಟಕಿಯಿಂದ.

"ಹೋಗೇ ಮಾರಾಯ್ತಿ, ಅಕ್ಕನ್ನ ನೋಡ್ಕೋ" ಎಂದ ಮಾಸ್ಟರ್.

ಆಸ್ಪತ್ರೆಯ ವಾರ್ಡಿನಲ್ಲಿ ಹನ್ನೆರಡು ಮಂಚ. ಅಕ್ಕನದು ಕಿಟಕಿಯ ಪಕ್ಕದ್ದು. ಹದಿನಾರರಂದು ಮೂರು ಗಂಟೆ ಕಾಲ ಆಪರೇಷನ್ ಕೋಣೆಯ ಬಾಗಿಲು ತೆರೆಯಲಿಲ್ಲ. ಭಾವ ಕನ್ನಡಕ ಒರೆಸುತ್ತಲೇ ಇದ್ದರು. ಕೊನೆಗೆ ಡಾಕ್ಟರಮ್ಮ ಹೊರಬಂದು, "ಚೆನ್ನಾಗಾಯ್ತು, ನಾಳೆಯಿಂದಲೇ ಎಬ್ಬಿಸಿ ಕೂರಿಸ್ತೀವಿ" ಎಂದಾಗ ಮಿಲಿಮೀಟರಕ್ಕ ಬೆಂಚಿನ ಮೇಲೆ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡಳು. ಭಾವ ಆಕೆಯ ಕೈಗೆ ನೀರಿನ ಲೋಟ ಕೊಟ್ಟು, ತಾವೂ ಅಳುತ್ತ ಕೂತರು.

ಆ ದೊಡ್ಡ ಚಿಂತೆ ಕಳೆದದ್ದೇ ತಡ, ಸಣ್ಣದು ಬಂದು ಕೂತಿತು. ಮಾಸ್ಟರ್ ದಿನಾ ಎಂಟೂ ಮುಕ್ಕಾಲಿಗೆ ಮೊದಲು ಕಚೇರಿಗೆ, ಆಮೇಲೆ ಆಕೆಗೆ ಫೋನು ಮಾಡುತ್ತಿದ್ದ. ಮೊದಲ ದಿನ, ಹದಿನೈದಕ್ಕೇ, "ಮೂವತ್ತು" ಎಂದಿದ್ದ.

"ಮೂವತ್ತು ಪಾಯಿಂಟ್ ಎಷ್ಟು?"

"ಪಾಯಿಂಟ್ ಏನೂ ಇಲ್ಲ. ಮೂವತ್ತು."

ಎರಡನೆಯ ದಿನ, "ನಲವತ್ತೈದು." ಆಕಾಶ ಹೀಗೆ ಗುಂಡಗೆ ಮೂವತ್ತು, ನಲವತ್ತೈದು ಎಂದು ಸುರಿಯುವುದಿಲ್ಲ. ಹಾಗೆ ಹೇಳುವುದು ಮನುಷ್ಯರು. ಅಕ್ಕನಿಗೆ ತಲೆ ಬಾಚುತ್ತಿದ್ದರೂ ಬಾಚಣಿಗೆ ಅಲ್ಲೇ ನಿಂತುಬಿಡುತ್ತಿತ್ತು.

"ಏನೇ ಯೋಚನೆ? ನಿನ್ನ ಗಂಡ ಫೇಲಾದನಾ?" ಎಂದಳು ಅಕ್ಕ.

"ಸುಮ್ನಿರೇ, ತಲೆ ಅಲ್ಲಾಡಿಸಬೇಡ."

ನಾಲ್ಕನೆಯ ದಿನ ಸೊನ್ನೆ ಎಂದ. ಜುಲೈ ನಡುವಲ್ಲಿ ಸೊನ್ನೆ! ಕೂತಲ್ಲೇ ಬರೆದ ಸೊನ್ನೆಯೇ ಇರಬೇಕು ಎಂದುಕೊಂಡಳು. ಇಪ್ಪತ್ತೊಂದರ ಬೆಳಿಗ್ಗೆಯಂತೂ ಗರಗರ ಸದ್ದಿನ ಫೋನಿನಲ್ಲಿ ಮಾಸ್ಟರ್, "ಭಾರಿ ಮಳೆ ಕಣೇ! ಇನ್ನೂರ ನಲವತ್ಮೂರು ಪಾಯಿಂಟ್ ಆರು! ಕರೆಂಟಿಲ್ಲ, ಏನಿಲ್ಲ..." ಎನ್ನುವಷ್ಟರಲ್ಲಿ ಸಂಪರ್ಕ ಕಡಿಯಿತು. ತುಂತುರು ಬಂದರೂ ಭಾರಿ ಮಳೆ ಎನ್ನುವವನು ಅವನು. ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನಕ್ಕೆ ಆಕೆ ಬರೆದ ಅತಿ ದೊಡ್ಡ ಅಂಕಿ ನೂರ ಐವತ್ತೊಂದು.

ಮರುದಿನ ಮಧ್ಯಾಹ್ನ, ಅಕ್ಕನನ್ನು ಮನೆಗೆ ಕಳಿಸುವ ಕಾಗದಪತ್ರಕ್ಕೆ ಸಾಲಿನಲ್ಲಿ ನಿಂತಿದ್ದಾಗ ಹವಾಮಾನ ಕಚೇರಿಯ ಅಧಿಕಾರಿಯ ಫೋನು ಬಂತು.

"ಅಮ್ಮಾ, ನಿಮ್ಮ ಕೇಂದ್ರದ ಸುತ್ತಮುತ್ತ ನಾಲ್ಕು ಕಡೆ ನೋಡಿದೆ. ಎಲ್ಲೂ ನೂರ ಹತ್ತು ದಾಟಿಲ್ಲ. ನಿಮ್ಮದೊಂದೇ ಇನ್ನೂರ ನಲವತ್ಮೂರು. ಪಾಯಿಂಟು ಎಲ್ಲೋ ಜಾರಿರಬೇಕು ಅಲ್ವಾ? ಇಪ್ಪತ್ನಾಲ್ಕು ಇರಬಹುದಾ?"

"ಸರ್, ನಾನು ಊರಲ್ಲಿಲ್ಲ..."

"ಗೊತ್ತು, ಗೊತ್ತು. ನಿಮ್ಮ ಬಗ್ಗೆ ನಮಗೆ ಅನುಮಾನ ಇಲ್ಲ. ತಿಂಗಳ ವರದೀಲಿ ಆ ಅಂಕಿ ಮುಂದೆ 'ಸಂದೇಹ' ಅಂತ ಗುರುತು ಹಾಕಿಬಿಡೋಣ, ಆಗಬಹುದಾ?"

"ಎರಡು ದಿನ ತಡೀರಿ ಸರ್. ನಾನೇ ಹೋಗಿ ನೋಡಿ ಹೇಳ್ತೀನಿ."

ಹಾಗೆಂದಳೇ ಹೊರತು, ಹರಿದುಹೋದ ಮಳೆಯನ್ನು ಹೋಗಿ ನೋಡುವುದಾದರೂ ಹೇಗೆ? ಗಂಡನಿಗೆ ಫೋನು ಹಚ್ಚಿ, "ರೀ, ನಿಜ ಹೇಳಿ. ಅಳೆದು ಹೇಳಿದ್ರಾ?" ಎಂದಳು.

ಮಾಸ್ಟರ್, "ನಾಳೆ ಬರ್ತೀಯಲ್ಲ, ಬಾ" ಎಂದು ಇಟ್ಟುಬಿಟ್ಟ. ಸಿಟ್ಟೋ, ಅಳುಕೋ, ತಿಳಿಯಲಿಲ್ಲ. ಅಳುಕೇ ಇರಬೇಕೆಂದು ಆಕೆ ತೀರ್ಮಾನಿಸಿದಳು.

ಇಪ್ಪತ್ಮೂರಕ್ಕೆ, ಅಕ್ಕನನ್ನು ಅವಳ ಮನೆಯಲ್ಲಿ ಮಂಚದ ಮೇಲೆ ಕೂರಿಸಿ, ಆಯಾಳಿಗೆ ಎಲ್ಲ ಹೇಳಿಕೊಟ್ಟು, ಬೆಳಗಿನ ಬಸ್ಸು ಹತ್ತಿದಳು. ಮೊದಲ ನಾಲ್ಕು ಗಂಟೆ ದಾರಿಯಲ್ಲಿ ಮಾಮೂಲಿ ಜುಲೈ: ಹಸಿರು ಹೊಲ, ತುಂಬಿದ ಗುಂಡಿ, ಗೊಬ್ಬರದ ಚೀಲವನ್ನೇ ತಲೆಗೆ ಹೊದ್ದು ಸೈಕಲ್ಲಿನಲ್ಲಿ ಹೋಗುವವರು. ನೋಡಿದಷ್ಟೂ ಆಕೆಯ ಮುಖ ಇಳಿಯಿತು. ಇನ್ನೂರ ನಲವತ್ಮೂರು ಬಿದ್ದ ಸೀಮೆ ಹೀಗಿರುವುದಿಲ್ಲ.

ಊರು ಎಂಟು ಮೈಲಿ ಇದೆ ಎನ್ನುವಾಗ ಬಸ್ಸು ಗಕ್ಕೆಂದು ನಿಂತಿತು. ಮುಂದೆ ಮೋರಿ ಕೊಚ್ಚಿಹೋಗಿತ್ತು. ರಸ್ತೆಯ ಅರ್ಧ ಡಾಂಬರು ಚಾಪೆ ಸುತ್ತಿಟ್ಟಂತೆ ಹೊಲದಲ್ಲಿ ಬಿದ್ದಿತ್ತು. "ಇಳೀರಿ, ಇಳೀರಿ, ಆ ಕಡೆ ಬೇರೆ ಬಸ್ಸಿದೆ" ಎಂದು ಕಂಡಕ್ಟರ್ ಕೂಗಿದ. ಜನ ಗೊಣಗುತ್ತ, ಚಪ್ಪಲಿ ಕೈಯಲ್ಲಿ ಹಿಡಿದು ಹಲಗೆಯ ಮೇಲೆ ದಾಟಿದರು. ಮಿಲಿಮೀಟರಕ್ಕ ಮಾತ್ರ ಹಲಗೆಯ ನಡುವೆ ನಿಂತು ಆ ಕಂದಕವನ್ನು ಕಣ್ತುಂಬ ನೋಡಿದಳು.

"ಯಾವತ್ತು ಹೋಯ್ತು ಇದು?" ಎಂದು ಹಲಗೆ ಹಿಡಿದು ನಿಂತವನನ್ನು ಕೇಳಿದಳು.

"ಇಪ್ಪತ್ತರ ರಾತ್ರಿ ಕಣಮ್ಮ. ಅದೇನು ಮಳೆಯೋ, ಮುಗಿಲೇ ಕಳಚಿ ಬಿದ್ದಂಗೆ. ನಮ್ಮೂರಿಂದ ನಿಮ್ಮೂರವರೆಗೆ ಅಷ್ಟೇ ಅಗಲ. ಆಚೆ ಗುಡ್ಡದ ಹಿಂದೆ ಅರ್ಧಕ್ಕರ್ಧವೂ ಇಲ್ಲ."

"ಯಾರಿಗೂ ಏನೂ ಆಗಿಲ್ಲ ತಾನೇ?"

"ಇಲ್ಲಮ್ಮ, ಒಂದು ಕೊಟ್ಟಿಗೆ ಗೋಡೆ ಬಿತ್ತು, ದನ ಮೊದಲೇ ಬಿಚ್ಚಿದ್ರು."

"ಸದ್ಯ!" ಎಂದಳು ಆಕೆ. ಆ ಒಂದು ಮಾತಿನಲ್ಲಿ ದನದ ಪಾಲೆಷ್ಟು, ತನ್ನ ಅಂಕಿಯ ಪಾಲೆಷ್ಟು ಎಂದು ಆಕೆಗೇ ತಿಳಿಯಲಿಲ್ಲ. ಎಲ್ಲರೂ ಸೊರಗಿದ ಮುಖ ಹೊತ್ತು ಎರಡನೆಯ ಬಸ್ಸಿನಲ್ಲಿ ಕೂತಿದ್ದರೆ, ಬುಡ ಮೇಲಾದ ಮರ, ಅಂಗಳದಲ್ಲಿ ಒಣಗಲಿಟ್ಟ ಹಾಸಿಗೆ, ಗೋಡೆಯ ಮೇಲಿನ ಕೆಸರಿನ ಗೆರೆ ಒಂದೊಂದನ್ನೂ ನೋಡಿ ಆಕೆಯ ಜೀವ ಹಗುರಾಗುತ್ತಿತ್ತು. ಪಕ್ಕದವಳು ಅನುಮಾನದಿಂದ ನೋಡಿದಾಗ ನಾಚಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಆದರೂ ಭಾರಿ ಮಳೆ ಬಿತ್ತೆಂದರೆ ಅದನ್ನು ಅಳೆದಂತಾಗಲಿಲ್ಲವಲ್ಲ. ಇನ್ನೂರೋ, ಮುನ್ನೂರೋ?

ಮನೆಗೆ ಬಂದಾಗ ಮಾಸ್ಟರ್ ಮೆಷಿನ್ ಮುಂದೆ ಕೂತು ಕಾಲರ್ ತಿರುಗಿಸುತ್ತಿದ್ದ. ತಲೆ ಎತ್ತಲಿಲ್ಲ. "ಅಕ್ಕ ಹೇಗಿದಾಳೆ?"

"ಕೂತ್ಕೋತಾಳೆ. ನಾಲ್ಕು ಹೆಜ್ಜೆ ಇಟ್ಟಳು. ರೀ, ಆ ಅಂಕಿ..."

"ಒಳಗಿದೆ. ಹೋಗಿ ನೋಡು."

ಬಟ್ಟೆಯ ಥಾನುಗಳನ್ನು ಇಡುವ ಒಳಕೋಣೆಯ ಬಾಗಿಲು ತಳ್ಳಿದಳು. ಹಲಗೆಯ ಮೇಲಿದ್ದ ಥಾನುಗಳೆಲ್ಲ ಮೂಲೆಗೆ ಹೋಗಿದ್ದವು. ಅವುಗಳ ಜಾಗದಲ್ಲಿ ಮೂಲೆ ಬೇಕರಿಯವನ ಖಾಲಿ ಗಾಜಿನ ಬಿಸ್ಕತ್ತಿನ ಡಬ್ಬಿಗಳು, ಗಟ್ಟಿ ಮುಚ್ಚಳ ಹಾಕಿ ಸಾಲಾಗಿ ನಿಂತಿದ್ದವು. ಒಳಗೆ ತಿಳಿ ನೀರು. ಪ್ರತಿಯೊಂದರ ಕುತ್ತಿಗೆಗೂ ಬಿಳಿ ಬಟ್ಟೆಯ ಪಟ್ಟಿ. ಪಟ್ಟಿಯ ಮೇಲೆ ಕೆಂಪು ದಾರದಲ್ಲಿ ಹೊಲಿದ ತಾರೀಕು. ಹದಿನೈದು, ಹದಿನಾರು, ಹದಿನೇಳು... ಇಪ್ಪತ್ತೊಂದು ಎಂದು ಹೊಲಿದವು ಮೂರು ಡಬ್ಬಿ.

ಮಾಸ್ಟರ್ ಹಿಂದೆ ಬಂದು ನಿಂತ. "ಶಾಯಿಯಲ್ಲಿ ಬರೆದ್ರೆ ಒದ್ದೆ ಕೈಗೆ ಅಳಿಸುತ್ತೆ. ದಾರ ಹೋಗಲ್ಲ."

"ಮಳೆ ನೀರು ಕೂಡಿಟ್ಟಿದ್ದೀರಾ?"

"ಮತ್ತೆ? ನಾನು ಹೇಳಿದ್ದನ್ನ ನೀನು ನಂಬ್ತೀಯಾ? ಬೀದೀಲಿ ಯಾರಾದ್ರೂ ನಂಬ್ತಾರಾ? ಅಂದಾಜು ಅಂತ ನಾನೇ ಹೆಸರು ಕೆಡಿಸ್ಕೊಂಡಿದೀನಿ. ಅದಕ್ಕೆ ಒಂದು ತೊಟ್ಟೂ ಚೆಲ್ಲಲಿಲ್ಲ. ಆ ರಾತ್ರಿ ನಾಲ್ಕು ಸಲ ಹೋಗಿ ಸೀಸೆ ಖಾಲಿ ಮಾಡ್ಕೊಂಡು ಬಂದೆ. ಛತ್ರಿ ಹಿಂದುಮುಂದಾಯ್ತು, ಎಸೆದುಬಿಟ್ಟೆ."

ಆಕೆ ಹಲಗೆಯ ಹತ್ತಿರ ಹೋದಳು. ಹದಿನೆಂಟು ಎಂದು ಹೊಲಿದ ಡಬ್ಬಿಯ ಮೇಲೆ ಕೈಯಿಟ್ಟಳು. ಅದು ಒಣಗಿತ್ತು.

"ಇದರಲ್ಲಿ ಏನೂ ಇಲ್ವಲ್ಲ?"

"ಅವತ್ತು ಏನೂ ಬರಲಿಲ್ವಲ್ಲ" ಎಂದ ಮಾಸ್ಟರ್ ಗಂಭೀರವಾಗಿ.

ಮೊದಲು ನಗು ಬಂತು, ಅದರ ಹಿಂದೆಯೇ ಅಳು. ಬಾಗಿಲ ಚೌಕಟ್ಟಿಗೆ ಒರಗಿ ಎರಡನ್ನೂ ಒಟ್ಟಿಗೇ ಮುಗಿಸಿ, ಕೈಕಾಲು ತೊಳೆದು ಬಂದು, ಅಳತೆಗಾಜನ್ನು ಅಡುಗೆಕಟ್ಟೆಯ ಮೇಲಿಟ್ಟಳು. ಇಬ್ಬರೂ ಸೇರಿ ಒಂದೊಂದೇ ಡಬ್ಬಿಯನ್ನು ಅಳೆಯತೊಡಗಿದರು. ಮಾಸ್ಟರ್ ಸುರಿಯುವುದು, ಆಕೆ ಬಗ್ಗಿ ನೋಡುವುದು. ಹದಿನೈದರದ್ದು ಇಪ್ಪತ್ತೊಂಬತ್ತು ಪಾಯಿಂಟ್ ಎಂಟು. ಹದಿನಾರರದ್ದು ನಲವತ್ನಾಲ್ಕು ಪಾಯಿಂಟ್ ಏಳು.

"ಅಯ್ಯೋ, ಕಡಿಮೆ ಬರ್ತಿದೆಯಲ್ಲೇ! ಆವಿಯಾಗಿ ಹೋಯ್ತಾ? ಮುಚ್ಚಳ ಗಟ್ಟಿಯಾಗೇ ಹಾಕಿದ್ದೆ" ಎಂದು ಮಾಸ್ಟರ್ ಗಾಬರಿಯಾದ.

"ನೀವು ಹೇಗೆ ನೋಡಿದ್ರಿ, ತೋರಿಸಿ."

ಅವನು ಬಗ್ಗಿ, ಗಾಜಿನ ಅಂಚಿಗೆ ನೀರು ಅಂಟಿ ಮೇಲೇರಿದ ಕಡೆ ಬೆರಳಿಟ್ಟ. ಆಕೆ ಹಣೆ ಚಚ್ಚಿಕೊಂಡಳು. ಗಾಜಿನಲ್ಲಿ ನೀರು ಅಂಚಿನಲ್ಲಿ ಏರಿ ನಡುವೆ ತಗ್ಗಿರುತ್ತದೆ. ನೋಡಬೇಕಾದ್ದು ಆ ತಗ್ಗನ್ನು. ಇಷ್ಟು ವರ್ಷ ನೋಡಿ ನೋಡಿ ಅದು ಕಣ್ಣಿಗೇ ರೂಢಿಯಾಗಿ, ಅದನ್ನು ಹೇಳಿಕೊಡಬೇಕು ಎಂಬುದೇ ಆಕೆಗೆ ಹೊಳೆದಿರಲಿಲ್ಲ.

"ತಪ್ಪು ನಂದೇ. ನಾನು ಹೇಳ್ಲೇ ಇಲ್ಲ" ಎಂದಳು. ಆ ಮಾತು ಮನೆಯಲ್ಲಿ ಅಪರೂಪ. ಮಾಸ್ಟರ್ ಕೈಯಲ್ಲಿದ್ದ ಡಬ್ಬಿ ಚೆಲ್ಲುವುದರಲ್ಲಿತ್ತು.

ಇಪ್ಪತ್ತೊಂದರ ಮೂರು ಡಬ್ಬಿಗಳಿಗೆ ಬಂದರು. ಹನ್ನೆರಡು ಸಲ ಗಾಜು ತುಂಬಿತು. ಹದಿಮೂರನೆಯದು ಸ್ವಲ್ಪದರಲ್ಲೇ ನಿಂತಿತು. ಆಕೆ ಬೆರಳು ಮಡಚಿ ಎಣಿಸಿದಳು, ಪುಸ್ತಕದ ಅಂಚಿನಲ್ಲಿ ಕೂಡಿದಳು, ಇನ್ನೊಮ್ಮೆ ಕೂಡಿದಳು. ಇನ್ನೂರ ನಲವತ್ತೆರಡು ಪಾಯಿಂಟ್ ಮೂರು.

"ಎಷ್ಟು ತಪ್ಪು?" ಎಂದ ಮಾಸ್ಟರ್.

"ಒಂದು ಪಾಯಿಂಟ್ ಮೂರು."

"ಜಾಸ್ತಿಯಾ ಕಡಿಮೆಯಾ ಅದು?"

"ಇನ್ನೂರ ನಲವತ್ಮೂರಕ್ಕೆ? ಏನೂ ಅಲ್ಲ ರೀ. ಏನೇನೂ ಅಲ್ಲ."

ಮಾಸ್ಟರ್ ನೆಲದ ಮೇಲೆಯೇ ಕಾಲುಚಾಚಿ ಕೂತು, ಕೊರಳಿನ ಅಳತೆಪಟ್ಟಿಯಿಂದ ಮುಖ ಒರೆಸಿಕೊಂಡ. ಆಕೆಯೂ ಪಕ್ಕದಲ್ಲಿ ಕೂತಳು. ಆಮೇಲೆ ಯಾರೂ ಕೇಳದಿದ್ದರೂ ಹೇಳಿದಳು: "ನಿಮಗೊಂದು ಹೇಳ್ತೀನಿ, ನಗಬಾರದು. ಕೆಲಸಕ್ಕೆ ಸೇರಿದ ವರ್ಷ ಆಗಸ್ಟ್‌ನಲ್ಲಿ ಒಂದಿನ ಜ್ವರ ಬಂದು ಏಳೋಕಾಗಿರಲಿಲ್ಲ. ಕಿಟಕೀಲಿ ನೋಡಿ ಆರು ಅಂತ ಬರೆದುಬಿಟ್ಟೆ. ಬರೀ ಅಂದಾಜು. ಅವತ್ತಿಂದ ಆ ಪುಟ ತೆಗೆದ್ರೆ ಸಂಕಟ ಆಗುತ್ತೆ. ಅದಕ್ಕೇ ನಿಮ್ಮ ಮೇಲೆ ಅಷ್ಟು ಅನುಮಾನ ಪಟ್ಟೆ. ಎಷ್ಟು ಸುಲಭ ಅಂತ ನಂಗೆ ಗೊತ್ತಿತ್ತಲ್ಲ."

ಮಾಸ್ಟರ್ ನಗಲಿಲ್ಲ. "ಆರೇ ಇತ್ತೋ ಏನೋ ಬಿಡೇ" ಎಂದ. ಇಪ್ಪತ್ತೆರಡು ವರ್ಷದ ಸಂಕಟಕ್ಕೆ ಅಷ್ಟು ಸಣ್ಣ ಔಷಧ ಸಾಕಿತ್ತೆಂದು ಆಕೆಗೆ ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಅಧಿಕಾರಿಗೆ ಫೋನು ಮಾಡಿ ನಡೆದದ್ದನ್ನೆಲ್ಲ ಹೇಳಿದಳು. ಡಬ್ಬಿಯ ವಿಷಯ ಬಂದಾಗ ಪಕ್ಕದ ಮೇಜಿನವರಿಗೆಲ್ಲ ಕೇಳುವಂತೆ ಆತ ನಕ್ಕದ್ದು ಕೇಳಿಸಿತು. "ಅಳತೆ ಬಿಟ್ಟು ನೀರೇ ಕೂಡಿಟ್ಟವರನ್ನ ನಾನು ನೋಡಿಲ್ಲಮ್ಮ. ತಿದ್ದಿದ ಅಂಕಿಗಳನ್ನ ಕಳಿಸಿ. ಸಂದೇಹ ಗಿಂದೇಹ ಏನೂ ಬೇಡ." ಜುಲೈನ ಒಟ್ಟು ಮಳೆ ಎಂಟುನೂರ ಹನ್ನೊಂದು ಪಾಯಿಂಟ್ ಎರಡು ಮಿಲಿಮೀಟರ್ ಎಂದು ತಿಂಗಳ ವರದಿಯಲ್ಲಿ ಬರೆದು, ಷರಾ ಎಂಬ ಕಡೆ "ಹದಿನೈದರಿಂದ ಇಪ್ಪತ್ಮೂರರವರೆಗೆ ಅಳತೆ: ಮನೆಯವರು. ಮರು ಅಳತೆ: ನಾನು. ಸರಿ ಇದೆ" ಎಂದು ಸೇರಿಸಿದಳು. ಡಬ್ಬಿಗಳನ್ನು ತೊಳೆದು ಬೇಕರಿಗೆ ವಾಪಸು ಕೊಟ್ಟರು.

ಸೆಪ್ಟೆಂಬರ್ ಹೊತ್ತಿಗೆ ಅಕ್ಕ ಕೋಲು ಹಿಡಿದು ಬೀದಿಯ ತುದಿವರೆಗೆ ನಡೆಯುವಂತಾದಳು. ನವೆಂಬರಿನಲ್ಲಿ ಮಿಲಿಮೀಟರಕ್ಕ ಅಳತೆಗಾಜನ್ನು ಮಾಸ್ಟರಿಗೆ ಒಪ್ಪಿಸಿ ಮತ್ತೆ ಹೊರಟಳು, ಈ ಸಲ ಯಾರಿಗೂ ಏನೂ ಆಗದೆಯೇ, ಸುಮ್ಮನೆ ನೋಡಿ ಬರಲು. ಹನ್ನೆರಡು ದಿನ ಇದ್ದಳು. ಭಾವ ಬೆಳಿಗ್ಗೆ ಕಾಫಿ ಮಾಡಿ ತಂದು ಕೊಡುತ್ತಿದ್ದರು. ಅಕ್ಕತಂಗಿ ಜಗಲಿಯ ಬಿಸಿಲಿಗೆ ಕಾಲು ಚಾಚಿ, ತಾವು ಓದಿದ ಶಾಲೆಯ ಹೆಡ್‌ಮೇಷ್ಟ್ರು ನಿದ್ದೆ ಮಾಡುತ್ತಿದ್ದ ವೈಖರಿಯನ್ನು ನೆನೆದು ನಗುತ್ತ ಕೂತರೆ, ಎಂಟೂವರೆ ಯಾವಾಗ ಕಳೆಯಿತೆಂದು ಇಬ್ಬರಿಗೂ ತಿಳಿಯುತ್ತಿರಲಿಲ್ಲ.